ಊರಿನ ಕಾರ್ಡಿನಲ್ಲಿ ನನ್ನ ಹೆಸರು

ಗಂಟಿನ ಬಗ್ಗೆ ಕೇಳಿದರೆ ನಾನು ಸಮಾಧಾನದಿಂದ ಹೇಳುತ್ತೇನೆ. ಕೂದಲು ಉದುರಿದ್ದು, ಬಾಯಿ ಹುಣ್ಣಾಗಿ ಗಂಜಿಯೂ ಇಳಿಯದೆ ಹೋದದ್ದು, ಎದೆಯ ಎಡಗಡೆ ಈಗ ಚಪ್ಪಟೆಯಾಗಿರುವುದು, ಇದನ್ನೆಲ್ಲ ಹೇಳುವಾಗ ನನ್ನ ದನಿ ನಡುಗುವುದಿಲ್ಲ. ಆದರೆ ಆಸ್ಪತ್ರೆಯ ಕೆಳಗಿನ ಮಾಳಿಗೆಯಲ್ಲಿದ್ದ ಸರ್ಕಾರಿ ಯೋಜನೆಯ ಕಿಟಕಿಯ ಬಗ್ಗೆ ಕೇಳಿದರೆ ಈಗಲೂ ಮೈ ಉರಿಯುತ್ತದೆ. "ಆಯ್ತಲ್ಲ ಮಾರಾಯ್ತಿ, ಬದುಕಿ ಬಂದಿದ್ದಿ, ಇನ್ನೂ ಎಂತಕ್ಕೆ ಅದೇ ಪುರಾಣ?" ಎನ್ನುತ್ತಾರೆ ನಮ್ಮವರು. ಬದುಕಿ ಬಂದದ್ದಕ್ಕೇ ಹೇಳುತ್ತಿದ್ದೇನೆ. ಬಾರದವರು ಹೇಳಲಿಕ್ಕಾಗುತ್ತದೆಯೇ?

ನಾನು ಜಲಜಾ. ಕಾರ್ಕಳದ ಕಡೆಯವಳು, ಮದುವೆಯಾಗಿ ಮುಂಬಯಿಯ ಭಾಂಡುಪಿನ ಚಾಳಿಗೆ ಬಂದವಳು. ನಮ್ಮವರು ಸಾಂತಾಕ್ರೂಜಿನ ಒಂದು ಸಣ್ಣ ಹೋಟೆಲಿನಲ್ಲಿ ಕೌಂಟರ್ ನೋಡಿಕೊಳ್ಳುತ್ತಾರೆ. ನಾನು ಮನೆಯಲ್ಲೇ ಇಡ್ಲಿ, ದೋಸೆಯ ಹಿಟ್ಟು ರುಬ್ಬಿ ಸುತ್ತಲಿನ ಬಿಲ್ಡಿಂಗುಗಳಿಗೆ ಕೊಡುತ್ತೇನೆ. ಒಬ್ಬಳೇ ಮಗಳು ಶ್ರುತಿ, ವಿಕ್ರೋಳಿಯ ಒಂದು ಆಫೀಸಿಗೆ ಆಗಷ್ಟೇ ಸೇರಿದ್ದಳು. ನಾವು ಮನೆಯಲ್ಲಿ ತುಳು ಮಾತಾಡುವವರು, ಅವಳ ತುಳುವಿನಲ್ಲಿ ಮುಕ್ಕಾಲು ಪಾಲು ಹಿಂದಿ. ಓದುವವರಿಗೆ ಸುಲಭವಾಗಲಿ ಎಂದು ಮನೆಯ ಮಾತನ್ನೆಲ್ಲ ಕನ್ನಡಕ್ಕೆ ತಂದಿದ್ದೇನೆ. ವಿಮೆ ಎನ್ನುವುದು ನಮ್ಮ ಮೂವರಲ್ಲಿ ಒಬ್ಬರಿಗೂ ಇರಲಿಲ್ಲ. ಜ್ವರಕ್ಕೆ ಗಲ್ಲಿಯ ಡಾಕ್ಟರು, ಅದಕ್ಕಿಂತ ದೊಡ್ಡದು ಬಂದರೆ ದೇವರು ಎಂದುಕೊಂಡು ಇಷ್ಟು ವರ್ಷ ದೂಡಿದ್ದೆವು.

ಗಂಟು ಕೈಗೆ ಸಿಕ್ಕಿದ್ದು ಸ್ನಾನ ಮಾಡುವಾಗ. ಹಿಟ್ಟಿನ ಪಾತ್ರೆ ಎತ್ತಿ ಎತ್ತಿ ನರ ಉಳುಕಿರಬೇಕು ಎಂದು ಕೆಲವು ವಾರ ತೆಂಗಿನೆಣ್ಣೆ ತಿಕ್ಕಿದೆ. ನೋವಿಲ್ಲ, ಹಾಗಾಗಿ ಏನೂ ಇಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಕೊನೆಗೆ ಶ್ರುತಿ ಎಳೆದುಕೊಂಡು ಹೋದಳು. ಪರೀಕ್ಷೆಗಳಾದವು, ಸೂಜಿ ಚುಚ್ಚಿ ತುಣುಕು ತೆಗೆದರು, ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿಗೆ ನಮ್ಮವರೂ ಬಂದಿದ್ದರು. ಕುರ್ಚಿ ಸಿಗದೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದೆ. ಒಳಗೆ ಕರೆದ ಡಾಕ್ಟರಮ್ಮ ರಿಪೋರ್ಟ್ ನೋಡಿ, ನನ್ನ ಮುಖ ನೋಡಿ, "ಸಾಥ್ ಮೇ ಕೌನ್ ಹೈ?" ಎಂದರು. ಜೊತೆಗೆ ಯಾರಿದ್ದಾರೆ ಎಂದು ಕೇಳಿದ ಕೂಡಲೇ ನನಗೆ ಉಳಿದದ್ದೆಲ್ಲ ಅರ್ಥವಾಯಿತು.

ಆ ಡಾಕ್ಟರಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಮೊದಲು ಕೆಲವು ಕೀಮೋ, ಆಮೇಲೆ ಆಪರೇಷನ್, ಆಮೇಲೆ ಮತ್ತೆ ನೋಡೋಣ, ಗುಣವಾಗುವ ಹಂತದಲ್ಲೇ ಇದೆ ಎಂದು ಸಮಾಧಾನವಾಗಿ ಹೇಳಿದರು. "ತಡ ಮಾಡಬೇಡಿ. ಖರ್ಚಿನ ಚಿಂತೆ ಬೇಡ, ಸರ್ಕಾರದ ಯೋಜನೆ ಇದೆ, ಕೆಳಗೆ ಕಿಟಕಿಗೆ ಹೋಗಿ" ಎಂದರು. ನಾವು ಮೂವರೂ ಅಳುತ್ತಲೇ, ಆದರೂ ಸ್ವಲ್ಪ ಹಗುರಾಗಿ ಮೆಟ್ಟಿಲಿಳಿದೆವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಆಗ ನೆನಪಾಗಲಿಲ್ಲ.

ಕಿಟಕಿಯ ಹಿಂದೆ ಶ್ರುತಿಗಿಂತ ನಾಲ್ಕೈದು ವರ್ಷ ದೊಡ್ಡವನಿರಬಹುದಾದ ಯುವಕ. ಆಧಾರ್ ಕೊಟ್ಟೆ. ಭಾಂಡುಪಿನ ವಿಳಾಸ, ಸರಿಯಾಗಿತ್ತು. ರೇಷನ್ ಕಾರ್ಡ್ ಕೇಳಿದ. ಚೀಲದಿಂದ ತೆಗೆದು ಹೆಮ್ಮೆಯಿಂದಲೇ ಕೊಟ್ಟೆ. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿದ.

"ಯೇ ತೋ ಕರ್ನಾಟಕ ಕಾ ಹೈ. ಇಧರ್ ನಹೀ ಚಲೇಗಾ, ಆಂಟಿ." ಕರ್ನಾಟಕದ ಕಾರ್ಡ್ ಇಲ್ಲಿ ನಡೆಯುವುದಿಲ್ಲವಂತೆ.

"ಇರುವುದು ಇಲ್ಲಿಯೇ ಅಲ್ಲವಾ? ಮಗಳು ಹುಟ್ಟಿದ್ದು ಇಲ್ಲಿ, ಓದಿದ್ದು ಇಲ್ಲಿ" ಎಂದು ನನ್ನ ಹಿಂದಿಯಲ್ಲಿ ಬಡಬಡಿಸಿದೆ. ಅವನು ಕಂಪ್ಯೂಟರ್ ಕಡೆ ಕೈ ತೋರಿಸಿದ. "ಸಿಸ್ಟಮ್ ನಹೀ ಲೇತಾ. ಮೈ ಕ್ಯಾ ಕರೂ?" ಸಿಸ್ಟಮ್ ತೆಗೆದುಕೊಳ್ಳದಿದ್ದರೆ ತಾನೇನು ಮಾಡಲಿ ಎಂದ. ಅವನು ಒರಟನಲ್ಲ. ಒರಟನಾಗಿದ್ದರೆ ಜಗಳವಾಡಿ ಸ್ವಲ್ಪ ಹಗುರಾಗುತ್ತಿದ್ದೆ. ಅಷ್ಟು ನಯವಾಗಿ ನಿನಗಿಲ್ಲ ಎಂದವನ ಹತ್ತಿರ ಏನು ಜಗಳ ಆಡುವುದು?

ಮುಂಬಯಿಯಲ್ಲಿ ಇಷ್ಟು ವರ್ಷ ಇದ್ದೂ ಇಲ್ಲಿಯ ಕಾರ್ಡ್ ಯಾಕೆ ಮಾಡಿಸಲಿಲ್ಲ ಎಂದು ನೀವು ಕೇಳುತ್ತೀರಿ. ಎಲ್ಲರೂ ಕೇಳಿದರು. ನಮ್ಮದು ಅಳಿಯಕಟ್ಟಿನ ಮನೆ. ನಮ್ಮಲ್ಲಿ ಕುಟುಂಬ ನಡೆಯುವುದು ತಾಯಿಯಿಂದ ಮಗಳಿಗೆ. ಮದುವೆಯಾಗಿ ಎಲ್ಲಿಗೆ ಹೋದರೂ ಹೆಣ್ಣುಮಗಳು ತಾಯಿಮನೆಯವಳೇ, ಅವಳ ಮಕ್ಕಳೂ ಆ ಮನೆಯವರೇ. ಹಾಗಾಗಿ ನನ್ನ ಮತ್ತು ಶ್ರುತಿಯ ಹೆಸರು ನನ್ನ ಅಮ್ಮನ ಕಾರ್ಡಿನಲ್ಲಿ, ನಮ್ಮವರ ಹೆಸರು ಹೆಬ್ರಿಯ ಹತ್ತಿರ ಅವರ ಅಮ್ಮನ ಕಾರ್ಡಿನಲ್ಲಿ. ಒಂದೇ ಕೋಣೆಯಲ್ಲಿ ಮಲಗುವ ಮೂವರು ಕಾಗದದ ಮೇಲೆ ಎರಡು ಊರಿನವರು. ಇದು ನಮಗೆ ವಿಚಿತ್ರ ಎಂದು ಒಂದು ದಿನವೂ ಅನ್ನಿಸಿರಲಿಲ್ಲ.

ಇನ್ನೂ ಒಂದು ಹೇಳಬೇಕು. ಹಿಂದಿನ ಬೇಸಿಗೆಯಲ್ಲಿ ಊರಿನ ರೇಷನ್ ಸೊಸೈಟಿಯವರು, ಕಾರ್ಡಿನಲ್ಲಿರುವ ಎಲ್ಲರೂ ಬಂದು ಬೆರಳು ಒತ್ತದಿದ್ದರೆ ಹೆಸರು ಕತ್ತರಿಸುತ್ತೇವೆ ಎಂದಿದ್ದರು. ಗಾಬರಿಯಾಗಿ ನಾನು ಶ್ರುತಿಯನ್ನೂ ಕರೆದುಕೊಂಡು ರೈಲು ಹತ್ತಿ ಹೋಗಿದ್ದೆ. ಹಿಟ್ಟು ರುಬ್ಬಿ ಸವೆದ ನನ್ನ ಬೆರಳನ್ನು ಆ ಯಂತ್ರ ಒಪ್ಪಲೇ ಇಲ್ಲ. ಒರೆಸಿ, ತೊಳೆದು, ಎಣ್ಣೆ ಹಚ್ಚಿ, ಮತ್ತೆ ಒರೆಸಿ, ಹಟ ಹಿಡಿದು ಕೂತು ಹೆಸರು ಉಳಿಸಿಕೊಂಡು ಬಂದೆ. ಮಾಡಿದ್ದುಣ್ಣೋ ಮಹರಾಯ. ಅವತ್ತು ಅವರು ಕತ್ತರಿಸಿದ್ದರೆ ಇವತ್ತು ನನಗೆ ಅರ್ಧ ಕೆಲಸ ಕಡಿಮೆಯಾಗುತ್ತಿತ್ತು.

ಊರಿನ ಕಾರ್ಡಿದ್ದರೆ ಊರಿನಲ್ಲೇ ಚಿಕಿತ್ಸೆ ಮಾಡಿಸಿ ಎಂದು ಚಾಳಿನವರೆಲ್ಲ ಹೇಳಿದರು. ಅದನ್ನೂ ವಿಚಾರಿಸಿದೆವು. ಅಲ್ಲಿಯ ಆಸ್ಪತ್ರೆಯಲ್ಲಿ ಫೋನ್ ಎತ್ತಿದವರು, ಆಧಾರ್ ಮುಂಬಯಿಯದ್ದಾದರೆ ತೊಂದರೆಯಾಗುತ್ತದೆ, ಮೊದಲು ವಿಳಾಸ ಬದಲಿಸಿಕೊಂಡು ಬನ್ನಿ, ಪರೀಕ್ಷೆಗಳನ್ನೂ ಇಲ್ಲಿ ಹೊಸದಾಗಿ ಮಾಡಬೇಕು ಎಂದರು. ಅತ್ತ ದರಿ, ಇತ್ತ ಪುಲಿ. ಕಾರ್ಡ್ ನೋಡಿದರೆ ನಾನು ಕರ್ನಾಟಕದವಳು, ಆಧಾರ್ ನೋಡಿದರೆ ಮಹಾರಾಷ್ಟ್ರದವಳು. ಗಂಟು ಮಾತ್ರ ಯಾವ ಕಾಗದವನ್ನೂ ಕೇಳದೆ ಬೆಳೆಯುತ್ತಿತ್ತು.

ದಾರಿ ಒಂದೇ ಉಳಿಯಿತು. ಊರಿನ ಕಾರ್ಡಿನಿಂದ ಹೆಸರು ತೆಗೆಸಬೇಕು, ತೆಗೆದದ್ದಕ್ಕೆ ಸರ್ಟಿಫಿಕೇಟ್ ತರಿಸಬೇಕು, ಅದನ್ನು ತೋರಿಸಿ ಇಲ್ಲಿ ಹೊಸ ಕಾರ್ಡ್ ಮಾಡಿಸಬೇಕು. ನಮ್ಮವರ ಹೆಸರು ತೆಗೆಸಲು ಹೆಬ್ರಿಗೆ ಒಂದು ಫೋನ್ ಸಾಕಾಯಿತು. ಗಂಡುಮಕ್ಕಳು ಹೇಗೂ ಹೊರಗೆ ಹೋಗುವವರು, ಅವರ ಹೆಸರು ಹೋದರೆ ಅಲ್ಲಿ ಯಾರೂ ಅಳುವುದಿಲ್ಲ. ನನ್ನ ಹೆಸರು ತೆಗೆಸಲು ನನ್ನ ಅಮ್ಮ ಬೆರಳು ಒತ್ತಬೇಕಿತ್ತು. ಆ ಕಾರ್ಡಿಗೆ ಯಜಮಾನಿ ಅವಳೇ.

ಅಮ್ಮನಿಗೆ ನಾನು ಕ್ಯಾನ್ಸರಿನ ವಿಷಯ ಹೇಳಿರಲಿಲ್ಲ. ಹೇಳುವ ಧೈರ್ಯವಿರಲಿಲ್ಲ. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಇದೇ ಖಾಯಿಲೆಯಲ್ಲಿ ಆ ಮನೆಯ ಒಳಕೋಣೆಯಲ್ಲಿ ಮಲಗಿ ತೀರಿಕೊಂಡವಳು. ಅವಳ ಬಟ್ಟೆ ತೊಳೆದದ್ದು, ಹುಣ್ಣು ಒರೆಸಿದ್ದು ಎಲ್ಲ ಅಮ್ಮ. ಆಮೇಲೆ ಅಮ್ಮ ಆ ಖಾಯಿಲೆಯ ಹೆಸರನ್ನೇ ಬಾಯಲ್ಲಿ ತಂದವಳಲ್ಲ. ಅವಳಿಗೆ ಹೇಗೆ ಹೇಳಲಿ? ಸುಳ್ಳು ಹೇಳುವುದೇ ಸುಲಭ ಎಂದುಕೊಂಡು ಫೋನ್ ಮಾಡಿದೆ.

"ಅಮ್ಮ, ಊರಿನ ಕಾರ್ಡಿನಿಂದ ನನ್ನದು, ಶ್ರುತಿದು ಹೆಸರು ತೆಗೆಸಬೇಕು. ಅವಳ ಆಫೀಸಿನಲ್ಲಿ ಇಲ್ಲಿಯ ಕಾರ್ಡ್ ಕೇಳ್ತಾರೆ."

"ಕೆಲಸ ಕೊಡುವಾಗ ಕೇಳ್ಲಿಲ್ಲ, ಈಗ ಕೇಳ್ತಾರಾ?"

ನಾನು ಏನೋ ತಡವರಿಸಿದೆ. ಅಮ್ಮ ದನಿ ಸಣ್ಣದು ಮಾಡಿ ಕೇಳಿದಳು. "ಜಾಗದ ಪಾಲಿನ ವಿಷಯದಲ್ಲಿ ಬೇಜಾರುಂಟಾ ನಿನಗೆ? ವಸಂತಿ ಎಂತಾದ್ರೂ ಹೇಳಿದಳಾ?" ವಸಂತಿ ನನ್ನ ತಂಗಿ, ಅಮ್ಮನ ಜೊತೆ ಆ ಮನೆಯಲ್ಲಿ ಇರುವವಳು.

"ಹಾಗೇನಿಲ್ಲ ಅಮ್ಮ, ಒಂದು ಕಾಗದ ಅಷ್ಟೇ."

"ಈ ಮನೆಯಿಂದ ಹೆಣ್ಣುಮಕ್ಕಳ ಹೆಸರು ತೆಗೆದದ್ದು ಎರಡೇ ಸಲ. ನಿನ್ನ ಅಜ್ಜಿದು ಒಂದು, ದೊಡ್ಡಮ್ಮನದು ಒಂದು. ಎರಡು ಸಲವೂ ಹೆಣ ಹೋದ ಮೇಲೆ. ಬದುಕಿದ್ದವರ ಹೆಸರು ತೆಗೆಯುವ ಕ್ರಮ ನಮ್ಮಲ್ಲಿಲ್ಲ" ಎಂದು ಫೋನ್ ಇಟ್ಟಳು. ಆಮೇಲೆ ಎಷ್ಟು ಸಲ ಮಾಡಿದರೂ ವಸಂತಿಯೇ ಎತ್ತಿ, ಅಮ್ಮ ತೋಟದಲ್ಲಿದ್ದಾಳೆ, ಅಮ್ಮ ಮಲಗಿದ್ದಾಳೆ ಎನ್ನುತ್ತಿದ್ದಳು.

ದಿನಗಳು ಕಳೆದವು. ಕಿಟಕಿಗೆ ಮತ್ತೆ ಹೋದೆ. ಏನಾದರೂ ವಿನಾಯಿತಿ ಇದೆಯೇ ಎಂದು ಕೇಳಿದೆ. ಅವನು ಇನ್ನೊಂದು ಆಫೀಸಿನ ಹೆಸರು ಹೇಳಿದ. ಅಲ್ಲಿಗೆ ಹೋದರೆ, ಇದು ಆಸ್ಪತ್ರೆಯವರೇ ಮಾಡಬೇಕಾದ್ದು ಎಂದರು. ನನ್ನಂಥವರು ಆ ಸಾಲಿನಲ್ಲಿ ಎಷ್ಟೋ ಮಂದಿ. ಬಾಡಿಗೆ ಮನೆಯ ಮಾಲೀಕ ಸಹಿ ಹಾಕದೆ ಕಾರ್ಡಿಲ್ಲದವಳು, ಗಂಡ ಬಿಟ್ಟು ಹೋಗಿ ಕಾರ್ಡನ್ನೂ ಜೊತೆಗೇ ಒಯ್ದವಳು. ಗಂಡಸರಿಗೆ ಒಂದು ಕೆಲಸ, ಅದೃಷ್ಟವಿದ್ದರೆ ಒಂದು ವಿಮೆ ಅಂತ ಏನಾದರೂ ಇರುತ್ತದೆ. ನಮ್ಮ ಹೆಸರು ಯಾವಾಗಲೂ ಯಾರದೋ ಹೆಸರಿನ ಕೆಳಗೆ. ಆ ಯಾರೋ ಸರಿಯಿಲ್ಲದಿದ್ದರೆ ನಾವು ಸಾಯಬೇಕು. ಹೀಗೆ ಯೋಚಿಸುತ್ತ ಲೋಕಲ್‌ನಲ್ಲಿ ಕೂತಾಗ ಖಾಯಿಲೆಯ ಭಯಕ್ಕಿಂತ ಸಿಟ್ಟೇ ಹೆಚ್ಚಾಗುತ್ತಿತ್ತು. ಸಿಟ್ಟು ಒಳ್ಳೆಯದೇ ಆಯಿತು, ಅಳು ಬರಲಿಲ್ಲ.

ಡಾಕ್ಟರಮ್ಮ ನನ್ನ ಫೈಲ್ ಹಿಡಿದು ಆಸ್ಪತ್ರೆಯ ಸಮಾಜ ಸೇವಾ ವಿಭಾಗದ ಮೇಡಂ ಹತ್ತಿರ ತಾವೇ ಹೋದರು. ಆ ಮೇಡಂ ಯಾರೋ ದಾನಿಯನ್ನು ಹಿಡಿದು ಮೊದಲ ಕೀಮೋ ಮಾಡಿಸಿಕೊಟ್ಟರು. ಹೆಸರು ಗೊತ್ತಿಲ್ಲದ ಆ ದಾನಿಗೆ ನಾನು ಇವತ್ತಿಗೂ ದೀಪ ಹಚ್ಚುವಾಗ ಕೈ ಮುಗಿಯುತ್ತೇನೆ. ಆದರೆ ಮೇಡಂ ಸ್ಪಷ್ಟವಾಗಿ ಹೇಳಿದರು, ಇದು ಒಂದೇ ಸಲ. ಎರಡನೆಯದು ಮೂರು ವಾರಕ್ಕೆ. ಅಷ್ಟರೊಳಗೆ ಯೋಜನೆಯ ಮಂಜೂರಾತಿ ಬರಬೇಕು. ನಡುವೆ ನಿಲ್ಲಿಸಿದರೆ ಮಾಡಿದ್ದೆಲ್ಲ ಹಾಳು ಎಂದು ಡಾಕ್ಟರಮ್ಮ ಎಚ್ಚರಿಸಿದರು.

ಕೀಮೋ ಮೈಗೆ ಇಳಿದ ಮೇಲಿನ ದಿನಗಳನ್ನು ಉದ್ದ ಹೇಳುವುದಿಲ್ಲ. ನೀರೂ ಕಬ್ಬಿಣದ ರುಚಿ. ಅಕ್ಕಿ ನೆನೆಸಿದ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು, ಅದೇ ವಾಸನೆಯಲ್ಲಿ ನಮ್ಮ ಹೊಟ್ಟೆ ತುಂಬಿದ್ದು! ಗ್ರೈಂಡರ್ ಬಂದ್ ಆಯಿತು. ಎದುರು ಮನೆಯ ಮರಾಠಿ ಹೆಂಗಸು ದಿನಾ ಒಂದು ತಟ್ಟೆ ಮೆತ್ತಗಿನ ಖಿಚಡಿ ಇಟ್ಟು, ಏನೂ ಕೇಳದೆ ಹೋಗುತ್ತಿದ್ದಳು. ಒಂದು ಬೆಳಿಗ್ಗೆ ಬಾಚಣಿಗೆಯ ಜೊತೆ ಜಡೆಯೇ ಕೈಗೆ ಬಂತು. ಶ್ರುತಿ ಅವಳಪ್ಪನ ಶೇವಿಂಗ್ ಸೆಟ್ಟಿನಿಂದ ಉಳಿದದ್ದನ್ನು ತೆಗೆದಳು. ಅವಳು ಅಳುತ್ತಿದ್ದಳು, ನಾನು ಕಿವಿ ಕುಯ್ದೀಯೆ ಎಂದು ಬೈಯುತ್ತಿದ್ದೆ.

ಆ ವಾರದಲ್ಲೇ ಅಮ್ಮನ ವಿಡಿಯೋ ಕಾಲ್ ಬಂತು. ಸಿಟ್ಟಿನಲ್ಲೇ ಮಾಡಿದ್ದಳು, ವಸಂತಿ ನಂಬರ್ ಒತ್ತಿಕೊಟ್ಟಿದ್ದಳಂತೆ. ನಾನು ತಲೆಗೆ ಬಟ್ಟೆಯಿಲ್ಲದೆ ಮಲಗಿದ್ದೆ. ಶ್ರುತಿ ಫೋನ್ ಎತ್ತಿ ಗೋಡೆ ಕಡೆ ತಿರುಗಿಕೊಂಡಳು.

"ನಿನ್ನ ಅಮ್ಮನಿಗೆ ಫೋನ್ ಕೊಡು. ಹೆಸರು ತೆಗೆಸುವಷ್ಟು ಎಂತ ತಪ್ಪು ಮಾಡಿದೆ ನಾನು ಅಂತ ಕೇಳ್ಬೇಕು."

"ಅಜ್ಜಿ... ಅಜ್ಜಿ, ಸುನೋ. ಮಮ್ಮಿಗೆ ಉಷಾರಿಲ್ಲ. ಕ್ಯಾನ್ಸರ್ ಹೈ ಉನ್ಕೋ. ಕಾರ್ಡ್... ಕಾರ್ಡ್ ಇಲ್ಲ ಅಂದ್ರೆ ದವಾ ನಹೀ ದೇಂಗೇ. ನನ್ನ ಆಫೀಸ್ ಎಲ್ಲ ಝೂಟ್." ಕಾರ್ಡಿಲ್ಲದೆ ಮದ್ದು ಕೊಡುವುದಿಲ್ಲ, ಆಫೀಸಿನದೆಲ್ಲ ಸುಳ್ಳು ಎಂದು ಹೇಳುವಷ್ಟರಲ್ಲಿ ಅವಳಿಗೆ ಗೊತ್ತಿದ್ದ ಎಲ್ಲ ಭಾಷೆಯೂ ಮುಗಿಯಿತು. ಫೋನನ್ನು ನನ್ನ ಮುಖದ ಮುಂದೆ ಹಿಡಿದುಬಿಟ್ಟಳು.

ಅಮ್ಮ ನನ್ನ ಬೋಳು ತಲೆ ನೋಡಿದಳು. ಚೀರುತ್ತಾಳೆ ಎಂದುಕೊಂಡೆ, ಚೀರಲಿಲ್ಲ.

"ನನ್ನ ಹತ್ತಿರ ಹೇಳದೆ ಮತ್ತೆ ಯಾರ ಹತ್ತಿರ ಹೇಳುವುದು ನೀನು? ಇಷ್ಟು ದಿನ ಉಂಡದ್ದು ಮೈಗೆ ಹತ್ತಲಿಲ್ಲ ನನಗೆ, ಮಗಳು ಮನೆ ಬಿಟ್ಟಳು ಅಂತ."

"ದೊಡ್ಡಮ್ಮನದು ನೆನಪಾಗ್ತದೆ ಅಂತ ಹೇಳಲಿಲ್ಲ ಅಮ್ಮ."

"ಅಕ್ಕನಿಗೆ ಮದ್ದು ಸಿಗ್ಲಿಲ್ಲ. ನಿನಗೆ ಸಿಗ್ತದಲ್ಲ? ಮೊದಲು ತಲೆಗೆ ಬಟ್ಟೆ ಕಟ್ಟು, ಶೀತ ಆಗ್ತದೆ" ಎಂದಳು. ನಾನು ಇಡೀ ಖಾಯಿಲೆಯಲ್ಲಿ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತೆ.

ಮಾರನೇ ದಿನವೇ ವಸಂತಿಯನ್ನು ಎಳೆದುಕೊಂಡು ಮೊದಲ ಬಸ್ಸಿಗೆ ಅಮ್ಮ ತಾಲೂಕು ಆಫೀಸಿಗೆ ಹೋದಳು. ಅಲ್ಲಿ ನಡೆದದ್ದನ್ನು ವಸಂತಿ ಫೋನಿನಲ್ಲಿ ಹೇಳಿದಳು. ಹೆಸರು ತೆಗೆಯಲು ಕಾರಣ ಎಂತ ಎಂದು ಅಲ್ಲಿಯ ಗುಮಾಸ್ತ ಕೇಳಿದನಂತೆ. ಕಂಪ್ಯೂಟರಿನಲ್ಲಿ ಮರಣ ಉಂಟು, ಮದುವೆ ಉಂಟು, ಯಾವುದು ಒತ್ತಲಿ?

"ಬದುಕಲಿಕ್ಕೆ ಅಂತ ಬರೀರಿ" ಎಂದಳಂತೆ ಅಮ್ಮ.

ಹಾಗೆ ಬರೆಯಲು ಅಲ್ಲಿ ಜಾಗವಿಲ್ಲವಂತೆ. ಕೊನೆಗೆ ಗುಮಾಸ್ತ ಮದುವೆ ಎಂದು ಒತ್ತಿದ. ನನಗೂ ಅದೇ, ಶ್ರುತಿಗೂ ಅದೇ. ಒಂದೇ ದಿನ ತಾಯಿ ಮಗಳಿಬ್ಬರಿಗೂ ಸರ್ಕಾರದ ಲೆಕ್ಕದಲ್ಲಿ ಮದುವೆಯಾಯಿತು. "ಮೇರಾ ಲಡ್ಕಾ ಕಿಧರ್ ಹೈ?" ಎಂದು ಶ್ರುತಿ ತನ್ನ ಮದುಮಗನನ್ನು ಕೇಳಿದಾಗ ನಮ್ಮವರು ಎಷ್ಟೋ ವಾರಗಳ ಮೇಲೆ ನಕ್ಕರು. ಅಮ್ಮ ಮಾತ್ರ ಅವತ್ತು ಮನೆಗೆ ಬಂದವಳೇ ದೈವದ ಕೋಣೆಯ ಮುಂದೆ ನಿಂತು, ಇವಳ ಹೆಸರು ಕಾಗದದಿಂದ ತೆಗೆದದ್ದು, ನಿನ್ನ ಲೆಕ್ಕದಿಂದ ಅಲ್ಲ ಎಂದು ಗಟ್ಟಿಯಾಗಿ ಹೇಳಿದಳಂತೆ.

ಇಲ್ಲಿಗೆ ಎಲ್ಲ ಸರಿಯಾಯಿತು ಎಂದುಕೊಳ್ಳಬೇಡಿ. ಸರ್ಟಿಫಿಕೇಟ್ ಬಂದ ಮೇಲೆ ಇಲ್ಲಿಯ ರೇಷನ್ ಆಫೀಸು. ಒಂದು ದಿನ ಸಾಹೇಬರಿಲ್ಲ, ಒಂದು ದಿನ ಸರ್ವರ್ ಇಲ್ಲ. ಸರ್ಟಿಫಿಕೇಟ್ ಕನ್ನಡದಲ್ಲಿದೆ, ಅನುವಾದ ತನ್ನಿ. ಅನುವಾದ ತಂದರೆ, ಲೈಟ್ ಬಿಲ್ ಯಾರದೋ ಹೆಸರಿನಲ್ಲಿದೆ. ಚಾಳಿನಲ್ಲಿ ಲೈಟ್ ಬಿಲ್ ತೀರಿಹೋದ ಹಳೇ ಮಾಲೀಕನ ಹೆಸರಿನಲ್ಲೇ ಬರುವುದು, ಅದು ಅವರಿಗೂ ಗೊತ್ತು. ನಮ್ಮವರು ಹೋಟೆಲಿಗೆ ರಜೆ ಹಾಕಿ ಆ ಬೆಂಚಿನ ಮೇಲೆ ದಿನಗಟ್ಟಲೆ ಕೂತರು. ಜೋರು ಮಾತೇ ಆಡದ ಮನುಷ್ಯ, ಒಂದು ದಿನ ನನ್ನನ್ನೇ ಅಲ್ಲಿಗೆ ಕರೆದುಕೊಂಡು ಹೋಗಿ, ಮೇಜಿನ ಮುಂದೆ ನಿಲ್ಲಿಸಿ, ನನ್ನ ತಲೆಯ ಬಟ್ಟೆಯನ್ನು ತಾವೇ ತೆಗೆದರು. "ಇನ್ನು ಯಾವ ಪ್ರೂಫ್ ಬೇಕು?" ಎಂದರು. ಸಹಿ ಬಿತ್ತು. ನನಗೆ ಅವತ್ತು ಆದ ಅವಮಾನ ಇನ್ನೂ ಆರಿಲ್ಲ. ಮದ್ದು ಪಡೆಯಲು ಹೆಂಗಸು ಬೋಳು ತಲೆ ತೋರಿಸಬೇಕಾಗಿ ಬಂತಲ್ಲ!

ಅಷ್ಟರಲ್ಲಿ ಎರಡನೇ ಕೀಮೋದ ದಿನ ದಾಟಿಹೋಗಿತ್ತು. ಮಂಜೂರಾತಿ ಬರುವವರೆಗೆ ಪ್ರತಿದಿನ ಸ್ನಾನದಲ್ಲಿ ಗಂಟು ಮುಟ್ಟಿ ನೋಡುತ್ತಿದ್ದೆ, ಬೆಳೆಯಿತೋ, ನನ್ನ ಭ್ರಮೆಯೋ ತಿಳಿಯದೆ. ಬಂದ ಮೇಲೂ ಒಂದೇ ಸಲಕ್ಕೆ ಮುಗಿಯಲಿಲ್ಲ. ಕೀಮೋಗೆ ಒಂದು ಮಂಜೂರಾತಿ, ಆಪರೇಷನ್ನಿಗೆ ಇನ್ನೊಂದು, ಸ್ಕ್ಯಾನ್ ಯೋಜನೆಯಲ್ಲಿ ಬರುವುದಿಲ್ಲ ಹೊರಗೆ ಮಾಡಿಸಿ, ಕರೆಂಟ್, ಅಂದರೆ ರೇಡಿಯೇಷನ್, ಕೊಡುವುದಕ್ಕೆ ಮತ್ತೊಂದು. ತಡವಾದದ್ದರಿಂದ ಏನಾದರೂ ಹಾನಿಯಾಯಿತೇ ಎಂದು ಡಾಕ್ಟರಮ್ಮನನ್ನು ಕೇಳಿದೆ. ಹೇಳಲಾಗುವುದಿಲ್ಲ ಎಂದರು. ಆ ಉತ್ತರವನ್ನು ನಾನು ಸಾಯುವ ತನಕ ಹೊತ್ತುಕೊಂಡೇ ಇರಬೇಕು.

ಆಪರೇಷನ್ನಿಗೆ ಅಮ್ಮ ಬಂದಳು. ಎಡ ಕಂಕುಳಿಗೆ ನೀರು ಬಸಿಯುವ ನಳಿಗೆ ಸಿಕ್ಕಿಸಿಕೊಂಡು ನಾನು ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ, ಹೊಸ ಕಾರ್ಡ್ ತೋರಿಸು ಎಂದಳು. ಮರಾಠಿ ಅವಳಿಗೆ ಓದಲು ಬರುವುದಿಲ್ಲ. "ಮೇಲಿರುವ ಹೆಸರು ಯಾರದು?" ಎಂದು ಕೇಳಿದಳು. ಮನೆಯ ಹಿರಿಯ ಹೆಂಗಸನ್ನೇ ಮುಖ್ಯಸ್ಥೆ ಮಾಡುವುದು ಈಗಿನ ನಿಯಮ.

"ನನ್ನದು."

"ಶ್ರುತಿದು?"

"ನನ್ನ ಕೆಳಗೆ. ಇವರದು ಅದರ ಕೆಳಗೆ."

ಅಮ್ಮ ಕಾರ್ಡನ್ನು ಸೆರಗಿನಿಂದ ಒರೆಸಿ ವಾಪಸು ಕೊಟ್ಟಳು. "ಹಾಗಾದ್ರೆ ಅಡ್ಡಿಯಿಲ್ಲ" ಎಂದು ಗಂಜಿ ಬೇಯಿಸಲು ಎದ್ದಳು.

ಈಗ ನಾನು ಪರವಾಗಿಲ್ಲ. ಎಡಗೈಯಲ್ಲಿ ಭಾರ ಎತ್ತಬಾರದು, ಹಿಟ್ಟಿನ ಪಾತ್ರೆ ನಮ್ಮವರು ಇಳಿಸಿಕೊಟ್ಟೇ ಕೆಲಸಕ್ಕೆ ಹೋಗುತ್ತಾರೆ. ದಿನಾ ಒಂದು ಮಾತ್ರೆ ಇದೆ, ಆಗಾಗ ತಪಾಸಣೆ ಇದೆ. ಪ್ರತಿ ತಪಾಸಣೆಗೂ ಆ ಕಿಟಕಿಗೆ ಹೋಗಬೇಕು, ಪ್ರತಿ ಸಲವೂ ಕಾರ್ಡ್ ವಾಪಸು ಕೊಡುವ ತನಕ ಅವರ ಮುಖವನ್ನೇ ನೋಡುತ್ತಿರುತ್ತೇನೆ.

ಕಳೆದ ಸಲ ಹೋದಾಗ ನನ್ನ ಮುಂದಿದ್ದ ಹೆಂಗಸಿಗೆ ನಲವತ್ತೂ ಆಗಿರಲಿಕ್ಕಿಲ್ಲ. ಕಿಟಕಿಯ ಹಿಂದೆ ಈಗ ಆ ಯುವಕನ ಬದಲು ಒಬ್ಬಳು ಹುಡುಗಿ, ಮಾತು ಮಾತ್ರ ಹಳೆಯದೇ. ಕರ್ನಾಟಕ ಕಾ ಹೈ, ನಹೀ ಚಲೇಗಾ. ಆ ಹೆಂಗಸು ಕಾರ್ಡನ್ನು ಹಾಗೇ ಹಿಡಿದುಕೊಂಡು ಪಕ್ಕಕ್ಕೆ ಸರಿದು ಗೋಡೆಯ ಬುಡದಲ್ಲಿ ಕೂತಳು. ನನ್ನ ಸರದಿ ಬಿಟ್ಟು ನಾನೂ ಅವಳ ಪಕ್ಕ ಕೂತೆ.

"ಯಾವ ಊರು ನಿಮ್ಮದು?"

ಕನ್ನಡ ಕೇಳಿ ಬೆಚ್ಚಿ ತಿರುಗಿದಳು. "ಬಾಗಲಕೋಟಿ ಕಡೆಯಾಕಿರಿ ಅಕ್ಕಾರ."

"ಕಾರ್ಡ್ ಯಾರ ಹೆಸರಿನಲ್ಲುಂಟು?"

"ನಮ್ಮವ್ವನ ಹೆಸರಿಲೇ ಐತ್ರಿ. ಗಂಡ ಬಿಟ್ಟಾನ್ರಿ, ಹಂಗಾಗಿ ತೌರಮನಿ ಕಾರ್ಡಿನ್ಯಾಗ ಅದೀನ್ರಿ."

"ಅವ್ವನಿಗೆ ಖಾಯಿಲೆಯ ವಿಷಯ ಹೇಳಿದ್ದೀರಾ?"

ಅವಳು ತಲೆ ತಗ್ಗಿಸಿದಳು. "ಇಲ್ರಿ. ಆಕಿ ತಾಳಾಂಗಿಲ್ರಿ."

ಯಾವ ಆಫೀಸು, ಯಾವ ಸರ್ಟಿಫಿಕೇಟು, ಯಾವ ಮೇಡಂ ಎಂದು ಆ ಕಿಟಕಿ ಹೇಳಬೇಕಾದ್ದೆಲ್ಲ ನನ್ನ ನಾಲಗೆಯ ತುದಿಯಲ್ಲಿತ್ತು. ಅದೆಲ್ಲ ಆಮೇಲೆ ಹೇಳಿದರಾಯಿತು. ಅವಳ ಮಡಿಲಲ್ಲಿದ್ದ ಫೋನನ್ನು ಎತ್ತಿ ಅವಳ ಕೈಯಲ್ಲೇ ಇಟ್ಟೆ.

"ತಾಳ್ತಾರೆ. ನೀವು ಮೊದಲು ಹೇಳಿ. ನಾನು ಇಲ್ಲೇ ಕೂತಿರ್ತೇನೆ."